ಅಂಗೈಯಗಲದ ತಟ್ಟೆಯಲ್ಲಿ ನಮ್ಮ ಹಿತ್ತಿಲು

ಪತ್ರೊಡೆಯ ಒಂದೇ ಒಂದು ಹೋಳು. ಅದೂ ನಮ್ಮಜ್ಜಿ ಕೊಯ್ಯುತ್ತಿದ್ದ ಹೋಳಿನ ಕಾಲು ಭಾಗ. ಮೇಲೆ ಎರಡು ಚಮಚ ಪುನರ್ಪುಳಿಯ ಕೆಂಪು ಗೊಜ್ಜು, ಬದಿಯಲ್ಲಿ ಹುರಿದ ತೆಂಗಿನಕಾಯಿಯ ನಾಲ್ಕು ಚೂರು. ತಟ್ಟೆ ನನ್ನ ಅಂಗೈಯಷ್ಟು. ಬೆಂಗಳೂರಿನ ಒಂದು ಹೋಟೆಲಲ್ಲಿ ನನ್ನೆದುರು ಅದನ್ನಿಟ್ಟ ಹುಡುಗ ಮೆಲುದನಿಯಲ್ಲಿ ವಿವರಿಸಿದ: "ಇದು ಕರಾವಳಿಯಲ್ಲಿ ಮಳೆಗಾಲದಲ್ಲಿ ಮಾಡುವ ತಿಂಡಿ ಸರ್, ಕೆಸುವಿನ ಎಲೆಯದ್ದು." ನಾನು ಮಗಳ ಮುಖ ನೋಡಿದೆ. ಅವಳು ನಗು ತಡೆದುಕೊಂಡಿದ್ದಳು.

ಹೋದ ಮಳೆಗಾಲದ ಮಾತು. ಮಗಳು, ಅಳಿಯ ಒತ್ತಾಯ ಮಾಡಿ ಕರೆದುಕೊಂಡು ಹೋದದ್ದು. ಹಳೇ ಮನೆಯೊಂದರ ಮಹಡಿ. ಒಟ್ಟು ಇಪ್ಪತ್ತೇ ಕುರ್ಚಿ. ಅಡುಗೆಯವರು ಎದುರಿಗೇ ಕಾಣುತ್ತಾರೆ. ನಾವು ಇಂಥದ್ದು ಬೇಕೆಂದು ಹೇಳುವ ಹಾಗಿಲ್ಲ, ಅವರು ಕೊಟ್ಟದ್ದನ್ನು ತಿನ್ನುವುದು. ಹನ್ನೊಂದು ಸಲ ಬಂತು, ಹನ್ನೊಂದೂ ಚಿಕ್ಕ ತಟ್ಟೆಗಳೇ. ತಿಮರೆಯ ತಂಬುಳಿ ಕಾಫಿ ಲೋಟದ ಅರ್ಧ. ಹಲಸಿನ ಬೇಳೆ ಬೇಯಿಸಿ ಬೆಣ್ಣೆಯ ಹಾಗೆ ಅರೆದು ರಾಗಿಯ ತೆಳು ಹಪ್ಪಳದ ಮೇಲೆ. ಕಾಟು ಮಾವಿನ ಗೊಜ್ಜಿನ ಜೊತೆ ಬೆಲ್ಲದ ಐಸ್‌ಕ್ರೀಮು. ಕೊನೆಗೆ ಒಂದು ಮುಷ್ಟಿ ಗಂಧಸಾಲೆ ಅನ್ನ.

ಸುಳ್ಳು ಹೇಳುವುದಿಲ್ಲ ಮಾರಾಯ್ರೆ, ಎಲ್ಲಾ ರುಚಿಯಾಗಿತ್ತು. ಹಲಸಿನ ಬೇಳೆಯನ್ನು ಹೀಗೂ ತಿನ್ನಬಹುದೆಂದು ನನಗೆ ಅರುವತ್ತೆರಡು ವರ್ಷ ಹೊಳೆದಿರಲಿಲ್ಲ. ಆದರೆ ನಾಲ್ವರ ಬಿಲ್ಲು ಹನ್ನೆರಡು ಸಾವಿರ ದಾಟಿತು. ನನ್ನ ಹೆಂಡತಿ ರಾತ್ರಿಯಿಡೀ ಅದನ್ನು ತೆಂಗಿನಕಾಯಿಯ ಲೆಕ್ಕಕ್ಕೆ ತಿರುಗಿಸುತ್ತಾ ಮಲಗಿದ್ದಳು.

ಯಾರ ತೋಟದ್ದು?

ಊಟ ಮುಗಿದ ಮೇಲೆ ಅಡುಗೆಯ ಮುಖ್ಯಸ್ಥ ಬಂದು ಮಾತಾಡಿಸಿದ. ಮೂವತ್ತು ದಾಟದ ಹುಡುಗ, ಬಹಳ ವಿನಯ. "ಈ ತಿಮರೆ ಯಾರ ತೋಟದ್ದು?" ಕೇಳಿದೆ. "ಸಪ್ಲೈಯರ್ ತಂದು ಕೊಡ್ತಾರೆ ಅಂಕಲ್" ಎಂದ. ಕೆಸು? ಅದೂ ಸಪ್ಲೈಯರ್. ಮೆನು ಕಾರ್ಡಲ್ಲಿ ಪಶ್ಚಿಮ ಘಟ್ಟದ ಹೆಸರಿತ್ತು, ಕರಾವಳಿಯ ಹೆಸರಿತ್ತು, ಅಜ್ಜಿಯ ಹೆಸರೂ ಇತ್ತು. ಬೆಳೆದವನ ಹೆಸರು ಮಾತ್ರ ಇರಲಿಲ್ಲ.

ಹೆಸರಿನಿಂದ ಹೊಟ್ಟೆ ತುಂಬುತ್ತದಾ ಎಂದು ನೀವು ಕೇಳಬಹುದು. ತುಂಬುತ್ತದೆ. ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿಯ ಬೆಳೆಗಾರರು ಸಂಘ ಮಾಡಿಕೊಂಡು ಬದನೆಗೆ ಸ್ಟಿಕ್ಕರ್ ಅಂಟಿಸಿ ಮಾರಿದರು, ಬೇರೆ ಗುಳ್ಳ ಆ ಹೆಸರಲ್ಲಿ ಹೋಗಬಾರದೆಂದು. ತುಮಕೂರು ಜಿಲ್ಲೆಯ ಚೇಳೂರಿನ ಒಂದು ಹಲಸಿನ ಮರಕ್ಕೆ, ಅದನ್ನು ನೆಟ್ಟ ಹಿರಿಯರ ನೆನಪಲ್ಲಿ 'ಸಿದ್ದು' ಎಂಬ ಹೆಸರಾಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಕಸಿ ಗಿಡ ಮಾಡಿ ಮಾರುವ ಒಪ್ಪಂದ ಮಾಡಿಕೊಂಡಾಗ ಆದಾಯದ ದೊಡ್ಡ ಪಾಲು ಮರದ ಮನೆಯವರಿಗೇ ಬರುವಂತೆ ಮಾಡಿತು. ಹೆಸರು ಇದ್ದಲ್ಲಿ ಹಕ್ಕು ಕೇಳಲು ದಾರಿ ಉಂಟು. 'ಪಶ್ಚಿಮ ಘಟ್ಟದ ಸೊಪ್ಪು' ಎಂದಷ್ಟೇ ಬರೆದರೆ ಹಕ್ಕು ಕೇಳುವವರು ಯಾರು?

ಐದು ವಾರದ ವ್ಯಾಪಾರ

ಆ ಹುಡುಗನಿಗೆ ನಾನು ಕೃಷಿಕನೆಂದು ತಿಳಿದು ಖುಷಿಯಾಯಿತು. ಹಲಸಿನ ಬೇಳೆ ನೇರ ಕಳಿಸ್ತೀರಾ ಎಂದ. ವಾರಕ್ಕೆ 4 ಕಿಲೋ, ಸಿಪ್ಪೆ ಸುಲಿದದ್ದು, ಕಿಲೋಗೆ 80 ರೂಪಾಯಿ. ನಮ್ಮಲ್ಲಿ ಕೆಮ್ಮಣ್ಣು ಹಚ್ಚಿ ಇಟ್ಟದ್ದು ಬೇಕಾದಷ್ಟಿತ್ತು. ಕಳಿಸಿದೆ.

ಲೆಕ್ಕ ಹೀಗೆ: 4 ಕಿಲೋಗೆ 320 ರೂಪಾಯಿ. ಬಸ್ಸಿನ ಪಾರ್ಸೆಲು, ಪೆಟ್ಟಿಗೆ, ಪೇಟೆವರೆಗಿನ ರಿಕ್ಷಾ ಸೇರಿ 140. ಉಳಿದದ್ದು 180. ಸುಲಿಯಲು ಹೆಂಡತಿಯ ಅರ್ಧ ದಿನ. ಅದಕ್ಕೆ ಮಜೂರಿ ಹಾಕಿದರೆ ಕೈಯಿಂದಲೇ ಹೋಯಿತು. ಐದು ವಾರವಾದ ಮೇಲೆ ಫೋನು ಬಂತು: "ಅಂಕಲ್, ಮೆನು ಚೇಂಜ್ ಆಯ್ತು. ಇನ್ನು ಬೇಡ."

ಅವನ ಮೇಲೆ ನನಗೆ ದೂರಿಲ್ಲ. ದುಡ್ಡು ಒಂದು ದಿನವೂ ತಡವಾಗಲಿಲ್ಲ. ಆದರೆ ಅವನ ಮೆನು ಮೂರು ತಿಂಗಳಿಗೆ ಬದಲಾಗುತ್ತದೆ, ನನ್ನ ಮರ ನೂರು ವರ್ಷ ಅಲ್ಲೇ ನಿಲ್ಲುತ್ತದೆ. ಇಪ್ಪತ್ತು ಕುರ್ಚಿಯ ಹೋಟೆಲನ್ನು ನಂಬಿ ಹತ್ತು ಸೆಂಟ್ಸು ಬೆಳೆದರೂ ಹೆಚ್ಚಾದೀತು.

ನಾನು ಬೆಳೆಯಲಿಕ್ಕೆ ಹೊರಟಿದ್ದೆ ಕೂಡ. ಗಂಧಸಾಲೆ ಅಕ್ಕಿ ತಿಂಗಳಿಗೆ 8 ಕಿಲೋ ಬೇಕೆಂದಿದ್ದ, ಕಿಲೋಗೆ 150 ರೂಪಾಯಿ. ನಮ್ಮ 30 ಸೆಂಟ್ಸು ಗದ್ದೆ ಹಡಿಲು ಬಿದ್ದು ಎಂಟು ವರ್ಷ. ಮತ್ತೆ ನಾಟಿ ಮಾಡುವ ಹುಮ್ಮಸ್ಸು ಬಂತು. ಹೆಂಡತಿ ಒಂದೇ ಪ್ರಶ್ನೆ ಹಾಕಿದಳು: "ಅವರು ಬೇಡ ಅಂದ ದಿನ ನೀವು ಅದನ್ನು ಏನು ಮಾಡ್ತೀರಿ?"

ಆ ಪ್ರಶ್ನೆಗೆ ಉತ್ತರ ಹುಡುಕಿಯೇ ಈ ಸಲ ಏಣಿಲಿಗೆ ಗಂಧಸಾಲೆ ಹಾಕಿದ್ದೇನೆ. ಎಕರೆಗೆ ಹತ್ತು ಕ್ವಿಂಟಾಲಿನಂತೆ ಬಂದರೆ 3 ಕ್ವಿಂಟಾಲು ಭತ್ತ, ಮಿಲ್ಲಾದ ಮೇಲೆ ಸುಮಾರು 180 ಕಿಲೋ ಅಕ್ಕಿ. ಮನೆಗೆ 60, ಮಗಳಿಗೂ ನೆಂಟರಿಗೂ 40, ಉಳಿದದ್ದು ಊರಲ್ಲೇ ಹಬ್ಬದ ಪಾಯಸಕ್ಕೆ. ಹೋಟೆಲಿನವ ಕೇಳಿದರೆ ಕೊಡುತ್ತೇನೆ, ಕೇಳದಿದ್ದರೆ ಗದ್ದೆ ಅಳುವುದಿಲ್ಲ. ಮೊದಲು ಮನೆ, ಆಮೇಲೆ ಊರು, ಕೊನೆಗೆ ಪೇಟೆ. ಕ್ರಮ ಉಲ್ಟಾ ಆದರೆ ವೆನಿಲ್ಲಾದ ಕಥೆಯೇ.

ಹೊರಗಿನವರು ಹೇಳಬೇಕಾಯಿತು

ಇಂಥ ಹೋಟೆಲುಗಳ ಹಿಂದೆ ಒಂದು ವಿಚಾರ ಉಂಟು, ಅದನ್ನು ತೆಗೆದುಹಾಕುವಂತಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 2003ರಲ್ಲಿ ನೋಮಾ ಎಂಬ ಹೋಟೆಲು ಶುರುವಾಯಿತು. ಮರುವರ್ಷ ಆ ಚಳಿ ದೇಶಗಳ 12 ಮಂದಿ ಅಡುಗೆಯವರು ಸೇರಿ, ನಮ್ಮ ನೆಲದಲ್ಲಿ ನಮ್ಮ ಋತುವಿನಲ್ಲಿ ಬೆಳೆದದ್ದನ್ನೇ ಬಡಿಸುತ್ತೇವೆಂದು ಘೋಷಣೆ ಮಾಡಿದರು. ಕಾಡಿನ ಸೊಪ್ಪು, ಪಾಚಿ, ಇರುವೆ ಕೂಡ ಅವರ ತಟ್ಟೆಗೆ ಬಂತು. ಜಗತ್ತಿನವರೆಲ್ಲ ಹೋಗಿ ತಿಂದರು. ಅಂಥ ಹೋಟೆಲಿನ ಮುಖ್ಯಸ್ಥನೇ 2023ರಲ್ಲಿ, ಈ ರೀತಿ ನಡೆಸುವುದು ಬಾಳಿಕೆ ಬರುವುದಿಲ್ಲ ಎಂದದ್ದೂ ನೆನಪಿರಲಿ. ಹೋಟೆಲಿಗೇ ಬಾಳಿಕೆಯಿಲ್ಲದಿದ್ದರೆ ಅದನ್ನು ನಂಬಿದ ಬೆಳೆಗಾರನಿಗೆ ಎಲ್ಲಿಂದ?

ಇನ್ನೊಂದು ಹೆದರಿಕೆ. ಕಾಡಿನದ್ದಕ್ಕೆ ಬೆಲೆ ಬಂದರೆ ಕಾಡಿಗೆ ಕತ್ತಿ ಬರುತ್ತದೆ. ಅಪ್ಪೆಮಿಡಿಗೆ ಬೆಲೆ ಏರಿದಾಗ ಹೊಳೆಬದಿಯ ಮರಗಳ ಗೆಲ್ಲನ್ನೇ ಕಡಿದು ಮಿಡಿ ಕೊಯ್ದರು. ಉಪ್ಪಾಗೆಗೂ ಅದೇ ಗತಿಯಾಯಿತು. ಅದಕ್ಕೇ ನನ್ನ ಮಾತು, ಪೇಟೆಗೆ ಬೇಕಾದದ್ದನ್ನು ತೋಟದಲ್ಲಿ ನೆಟ್ಟು ಕೊಡೋಣ. ಕಾಡಿನಿಂದ ಬೇಡ.

ನಮ್ಮೂರಿನ ಎಲೆ

ಬೆಂಗಳೂರಿಂದ ಬಂದ ಮರುವಾರ ನಮ್ಮೂರ ಹಾಲಿನಲ್ಲಿ ಒಂದು ಮದುವೆ. ಊಟಕ್ಕೆ ಗೋಬಿ ಮಂಚೂರಿ, ಪನ್ನೀರ್, ಫ್ರೈಡ್ ರೈಸ್. ಕೈ ತೊಳೆಯಲು ಹೊರಗೆ ಹೋದರೆ ಹಾಲಿನ ಹಿಂದೆ ತೋಡಿನ ಬದಿ ಕೆಸು ಎದೆಯೆತ್ತರ ನಿಂತಿತ್ತು. ಹಲಸಿನ ಮರದಡಿ ಹಣ್ಣು ಕೊಳೆತು ನೊಣ ಮುತ್ತಿತ್ತು. ಹನ್ನೆರಡು ಸಾವಿರ ಕೊಟ್ಟು ನಾವು ತಿಂದು ಬಂದದ್ದು ಇದನ್ನೇ.

ಬೆಂಗಳೂರಿನ ಆ ಹುಡುಗ ಕೆಸುವಿಗೆ ಮರ್ಯಾದೆ ಕೊಟ್ಟ. ನಾವು ಕೊಡಲಿಲ್ಲ. ಅವನು ಇಪ್ಪತ್ತು ಜನಕ್ಕೆ ಬಡಿಸುತ್ತಾನೆ, ನಮ್ಮ ಹಾಲಿನಲ್ಲಿ ಎಂಟುನೂರು ಎಲೆ ಬೀಳುತ್ತದೆ. ನಿಜವಾದ ಮಾರುಕಟ್ಟೆ ಯಾವುದು ನೀವೇ ಹೇಳಿ. ಮದುವೆಯೊಂದಕ್ಕೆ 15 ಕಿಲೋ ಹಲಸಿನ ಬೇಳೆ, ಒಂದು ಹೆಡಿಗೆ ತಿಮರೆ, ನೂರು ಕಟ್ಟು ಕೆಸು ಬೇಕೆಂದು ಅಡುಗೆ ಭಟ್ಟರು ಪಟ್ಟಿ ಬರೆದರೆ ಬಸ್ಸಿನ ಪಾರ್ಸೆಲೂ ಬೇಡ, ಮೆನು ಬದಲಾದೀತೆಂಬ ಹೆದರಿಕೆಯೂ ಬೇಡ.

ಬರುವ ವರ್ಷ ತಮ್ಮನ ಮಗಳ ಮದುವೆ ಉಂಟು. ತಂಬುಳಿಯೂ ಪತ್ರೊಡೆಯೂ ಇರಬೇಕೆಂದು ನಾನೂ ಹೆಂಡತಿಯೂ ಹೇಳಿಯಾಗಿದೆ. ತಮ್ಮ ಒಪ್ಪಿದ್ದಾನೆ. ಹುಡುಗಿಗೆ ಮಾತ್ರ "ದೊಡ್ಡಪ್ಪ, ಜನ ಏನಂದುಕೊಳ್ತಾರೋ" ಎಂಬ ಸಂಕೋಚ. ಅವಳನ್ನು ಒಮ್ಮೆ ಬೆಂಗಳೂರಿನ ಆ ಹೋಟೆಲಿಗೆ ಕರೆದುಕೊಂಡು ಹೋಗಬೇಕೋ ಏನೋ!

ನಿಮ್ಮೂರ ಮದುವೆಯಲ್ಲಿ, ನಿಮ್ಮ ಪೇಟೆಯ ಹೋಟೆಲಲ್ಲಿ ಹಿತ್ತಿಲ ಅಡುಗೆ ಬಡಿಸುತ್ತಾರಾ? ಬಡಿಸಿದರೆ ಸಾಮಾನು ಯಾರಿಂದ, ಎಷ್ಟು ರೇಟಿಗೆ ಕೊಂಡರು? ಬರೆದು ತಿಳಿಸಿ. ಹೆಸರು ಹಾಕಿಯೇ ಬರೆಯಿರಿ.