ಇಂಗ್ಲಿಷಿನ ಅಭ್ಯಾಸವೂ ಮನೆಯ ಕನ್ನಡವೂ

ಇಂಗ್ಲಿಷು ಬೇಕೆ ಬೇಡವೆ ಎಂಬ ಹಳೆಯ ಜಗಳವು ವಿದ್ಯಾವಂತರ ಮನೆಗಳಲ್ಲಿ ಎಂದೋ ತೀರಿಹೋಗಿದೆ. ಈಗ ನಡೆಯಬೇಕಾದ ಜಗಳವೇ ಬೇರೆ. ಅದನ್ನು ಅಭ್ಯಾಸಮಾಡತಕ್ಕ ಬಗೆ ಯಾವುದು, ಅಭ್ಯಾಸದ ಹೆಸರಿನಲ್ಲಿ ಮನೆಯೊಳಗೆ ನಡೆಯುತ್ತಿರುವುದೇನು ಎಂಬುದೇ ಆ ಜಗಳ. ಅಂತರ್ಜಾಲವು ಬಂದಮೇಲೆ ಇಂಗ್ಲಿಷಿನ ಗುರುವು ಅಂಗೈಯಲ್ಲಿಯೇ ಬಂದು ಕುಳಿತಿದ್ದಾನೆ. ಮೂವತ್ತು ದಿನಗಳಲ್ಲಿ ನಿರರ್ಗಳವಾಗಿ ಮಾತನಾಡಿಸುವೆನೆಂದು ಭಾಷೆ ಕೊಡುತ್ತಾನೆ. ಭಾಷೆ ಕೊಡುವ ಮುಂಚೆಯೇ ಹಣವನ್ನು ತೆಗೆದುಕೊಳ್ಳುತ್ತಾನೆ.

ಹಣ ಹೋದರೆ ಹೋಗಲಿ. ಅದರೊಡನೆ ಅವನು ವಿಧಿಸುವ ವ್ರತವೊಂದುಂಟು, ಅನರ್ಥವಿರುವುದು ಅದರಲ್ಲಿ. ಮನೆಯಲ್ಲಿ ಕನ್ನಡವಾಡಕೂಡದು, ಯೋಚನೆಯನ್ನು ಸಹ ಇಂಗ್ಲಿಷಿನಲ್ಲಿಯೇ ಮಾಡಬೇಕು ಎಂಬುದೇ ಆ ವ್ರತ. ಇದನ್ನು ನಂಬಿದ ತಂದೆತಾಯಂದಿರು ತಮಗೇ ಅರೆಬರೆಯಾಗಿ ಬರುವ ಇಂಗ್ಲಿಷಿನಲ್ಲಿ ಊಟ, ಸ್ನಾನ, ನಿದ್ರೆಗಳ ನಾಲ್ಕು ಆಜ್ಞಾವಾಕ್ಯಗಳನ್ನು ಮಕ್ಕಳಿಗೆ ಆಡುತ್ತಾರೆ. ಮಗುವಿಗೆ ದೊರೆಯುವುದು ಆ ನಾಲ್ಕು ವಾಕ್ಯಗಳು. ಕಥೆ, ಗಾದೆ, ಕೀಟಲೆ, ಏಕೆ ಹೇಗೆ ಎಂದು ಬೆನ್ನುಹತ್ತಿ ಕೇಳುವ ಮಾತುಕತೆ ಇವೆಲ್ಲವೂ ಕೈಬಿಟ್ಟುಹೋಗುತ್ತವೆ. ಅಜ್ಜಿಯು ಬಾಯಿತೆರೆದರೆ ಮೊಮ್ಮಗುವಿನ ಇಂಗ್ಲಿಷು ಕೆಡುವುದೆಂದು ಆಕೆಯನ್ನು ಸುಮ್ಮನಿರಿಸುವ ಮನೆಗಳೂ ಇಲ್ಲದಿಲ್ಲ. ಇದಕ್ಕೆ ಶಿಕ್ಷಣವೆಂದು ಹೆಸರು!

ಪರಭಾಷೆಯನ್ನು ಕಲಿಯಲು ಮಾತೃಭಾಷೆಯ ಬಾಯಿಕಟ್ಟಬೇಕೆಂಬುದನ್ನು ಇಂಗ್ಲಿಷರೇ ಎಲ್ಲರೂ ಒಪ್ಪಿದವರಲ್ಲ. ಎಲಿಜಬೆತ್ ರಾಣಿಗೆ ಪಾಠ ಹೇಳಿದ ರೋಜರ್ ಆಸ್ಕಮ್ ಎಂಬ ವಿದ್ವಾಂಸನ ಗ್ರಂಥವು ಅವನ ಮರಣಾನಂತರ 1570ರಲ್ಲಿ ಪ್ರಕಟವಾಯಿತು. ಲ್ಯಾಟಿನ್ ಕಲಿಯುವ ಹುಡುಗನಿಗೆ ಅವನು ಹೇಳಿದ ಉಪಾಯ ಸರಳವಾದುದು. ಲ್ಯಾಟಿನಿನ ಒಂದು ಭಾಗವನ್ನು ಇಂಗ್ಲಿಷಿಗೆ ತಿರುಗಿಸುವುದು. ಸ್ವಲ್ಪ ಹೊತ್ತು ಬಿಟ್ಟು, ಮೂಲವನ್ನು ನೋಡದೆ, ಆ ಇಂಗ್ಲಿಷನ್ನು ಮರಳಿ ಲ್ಯಾಟಿನಿಗೆ ತರುವುದು. ಅನಂತರ ಎರಡನ್ನೂ ಎದುರಿಟ್ಟು ತಾಳೆನೋಡುವುದು. ಶುದ್ಧವಾಗಿ ಆಡುವವರಿಲ್ಲದೆಡೆ ಮಕ್ಕಳಿಂದ ಲ್ಯಾಟಿನನ್ನು ಆಡಿಸುತ್ತ ಹೋದರೆ ತಪ್ಪುಗಳೇ ನಾಲಗೆಯಲ್ಲಿ ಬೇರೂರುವುವೆಂದೂ ಅವನು ಎಚ್ಚರಿಸಿದ್ದನು. ಇಂದಿನ ನಮ್ಮ ಮನೆಗಳ ಇಂಗ್ಲಿಷಿಗೆ ಈ ಎಚ್ಚರಿಕೆಯು ಎಷ್ಟು ಸಲ್ಲುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡಿಗನಿಗೆ ಇಂಗ್ಲಿಷು ತೊಡಕಾಗುವ ಎಡೆಗಳು ಕನ್ನಡವನ್ನು ಬಲ್ಲವನಿಗೇ ಕಾಣತಕ್ಕವು. ಸಕಲ ಜನಾಂಗಗಳಿಗೂ ಒಂದೇ ಪಾಠವನ್ನು ಬಡಿಸುವ ಯಂತ್ರಕ್ಕೆ ಇವು ಹೇಗೆ ತಿಳಿಯಬೇಕು? ಎಗ್ಗ್ ಎಂಬುದು ಕನ್ನಡದ ಬಾಯಲ್ಲಿ ಯೆಗ್ಗ್ ಆಗುತ್ತದೆ. ವ್ಯಂಜನದಲ್ಲಿ ಮುಗಿಯುವ ಬಸ್, ಕಾರ್‌ಗಳಿಗೆ ಉಕಾರ ತಾನಾಗಿ ಬಂದು ಸೇರುತ್ತದೆ. ವೆಸ್ಟ್ ಎಂದರೆ ಪಡುವಣ ದಿಕ್ಕೂ ಆಗಬಹುದು, ಒಳಗೆ ತೊಡುವ ಬನಿಯನ್ನೂ ಆಗಬಹುದು. ಇಂಗ್ಲಿಷಿನಲ್ಲಿ ಬೇರೆಯಾದ ಎರಡು ಧ್ವನಿಗಳಿಗೆ ನಮ್ಮಲ್ಲಿ ಇರುವುದು ಒಂದೇ ವಕಾರ. ಎಲ್ಲಕ್ಕಿಂತ ಕಠಿನವಾದುದು ಒತ್ತು. ಲಘುಗುರುಗಳನ್ನು ಎಣಿಸಿ ಬಲ್ಲ ಕಿವಿಗೆ ಒತ್ತಿನ ಲೆಕ್ಕವು ಹೊಸದು. ಫೋಟೊಗ್ರಾಫ್ ಎಂಬಲ್ಲಿ ಮೊದಲ ಅಕ್ಷರದ ಮೇಲೆ ಬೀಳುವ ಒತ್ತು ಫೊಟಾಗ್ರಫಿ ಎಂಬಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ಮಿಕ್ಕ ಸ್ವರಗಳನ್ನು ಇಂಗ್ಲಿಷಿನವನು ಅರ್ಧ ನುಂಗಿಬಿಡುತ್ತಾನೆ.

ಹಾಗೆಯೇ, ನಾಮಪದದ ಮುಂದೆ ಬರುವ ‘ಎ’, ‘ದಿ’ಗಳು. ಇವು ನಮ್ಮ ಭಾಷೆಯಲ್ಲಿಲ್ಲವೆಂದು ಕೈಚೆಲ್ಲುವವರು, ‘ಹುಡುಗನು ಪುಸ್ತಕ ತಂದ’, ‘ಹುಡುಗನು ಪುಸ್ತಕವನ್ನು ತಂದ’ ಎಂಬೆರಡನ್ನು ಮಗುವಿನ ಮುಂದಿಟ್ಟು ಕೇಳಲಿ. ಎರಡನೆಯದರಲ್ಲಿ ಮೊದಲೇ ಗೊತ್ತಿದ್ದ ಪುಸ್ತಕದ ಮಾತು ಬಹುಮಟ್ಟಿಗೆ ಸೂಚಿತವಾಗುವುದನ್ನು ಅದು ತಾನೇ ಕಂಡುಕೊಳ್ಳುತ್ತದೆ. ‘ಅಲ್ಲವೆ’ ಎಂಬ ಒಂದೇ ಮಾತಿನಿಂದ ನಾವು ಮುಗಿಸುವ ಪ್ರಶ್ನೆಗೆ ಇಂಗ್ಲಿಷು ಪ್ರತಿ ಕ್ರಿಯಾಪದಕ್ಕೂ ಬೇರೆ ಬಾಲವನ್ನು ಕಟ್ಟುತ್ತದೆ. ನಮ್ಮ ‘ಎಷ್ಟನೆಯ’ ಎಂಬ ಮಾತಿಗಾದರೋ ಅಲ್ಲಿ ನೇರವಾದ ಪದವೇ ಇಲ್ಲ. ಈ ಹೋಲಿಕೆಗಳಿಗಿಂತ ಒಳ್ಳೆಯ ವ್ಯಾಕರಣಪಾಠ ಯಾವುದು? ಮನೆಯಿಂದ ಕನ್ನಡವನ್ನು ಹೊರಗಟ್ಟಿದವರು ಈ ಪಾಠವನ್ನು ಯಾವುದರ ಮೇಲೆ ನಿಲ್ಲಿಸುವರು?

ಇನ್ನು ಸಾಧನಗಳ ಮಾತು. ಬೇಕಾದುದೆಲ್ಲ ಬಿಟ್ಟಿಯಾಗಿಯೇ ಬಿದ್ದಿದೆ. 1971ರಲ್ಲಿ ಆರಂಭವಾದ ಗುಟೆನ್‌ಬರ್ಗ್ ಯೋಜನೆಯಲ್ಲಿ ಹಳೆಯ ಗ್ರಂಥಗಳ ಪಾಠವೂ, 2005ರ ಲಿಬ್ರಿವಾಕ್ಸಿನಲ್ಲಿ ಅಂಥವೇ ಗ್ರಂಥಗಳನ್ನು ಸ್ವಯಂಸೇವಕರು ಓದಿದ ಧ್ವನಿಯೂ ಉಂಟು. ಬಾನುಲಿಯ ಮೂಲಕ ಇಂಗ್ಲಿಷ್ ಕಲಿಸುವುದನ್ನು 1943ರಲ್ಲಿಯೇ ಹಿಡಿದ ಬಿ.ಬಿ.ಸಿ.ಯ ಪಾಠಗಳು ಈಗ ಲಿಪಿಸಹಿತವಾಗಿ ಅಂತರ್ಜಾಲದಲ್ಲಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಕುಳಿತು ಕೂಡಿಸಿದ ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ತೆರೆದಿದೆ. ಒಂದೂವರೆ ಲಕ್ಷದಷ್ಟು ಕನ್ನಡ ಪದಗಳು ಅದರಲ್ಲಿವೆ. ಒಂದು ಪುಟವನ್ನು ಕೇಳುತ್ತ ಓದಿ, ಓದುಗನೊಡನೆ ತಾನೂ ಉಚ್ಚರಿಸಿ, ತನ್ನ ಧ್ವನಿಯನ್ನು ಮುದ್ರಿಸಿಕೊಂಡು ಹೋಲಿಸಿ, ಆಸ್ಕಮನು ಹೇಳಿದಂತೆ ಕನ್ನಡಕ್ಕೆ ತಂದು ಮರಳಿ ಒಯ್ದರೆ ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ಇದಕ್ಕೆ ಪದಕವಿಲ್ಲ, ಅಂಕೆಯೇರುವ ಸಂಭ್ರಮವಿಲ್ಲ. ನೂರು ದಿನ ತಪ್ಪದೆ ಗುಂಡಿಯೊತ್ತಿದ ಲೆಕ್ಕವನ್ನು ತೋರಿಸಿ ಹಿಗ್ಗುವವರಿಗೆ ಇದು ರುಚಿಸದು.

ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ಯೆಂದೇ ಲೋಕದಲ್ಲಿ ಹೆಸರಾಯಿತು. ರೈಲಿನ ವೇಳಾಪಟ್ಟಿ, ಭೂಪಟ ಮೊದಲಾದುವನ್ನು ಕೊಟ್ಟು, ಮಕ್ಕಳು ಲೆಕ್ಕಹಾಕಿ ಬಿಡಿಸಬೇಕಾದ ಸಮಸ್ಯೆಗಳ ಮೂಲಕವೇ ಅಲ್ಲಿ ಇಂಗ್ಲಿಷನ್ನು ಕಲಿಸಿದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆಯ ರೂಪವು ಹಿಡಿತಕ್ಕೆ ಬರುವುದೆಂಬುದು ಅವರ ನಿಲುವು. ವಿಷಯವಿಲ್ಲದ ಮಾತಿನ ಗಿಳಿಪಾಠವನ್ನು ಈಗ ಕಂಡುಹಿಡಿದ ಹೊಸತೆಂದು ಮಾರುವವರು ಈ ನೆಲದಲ್ಲಿಯೇ ನಡೆದ ಇದನ್ನು ಕೇಳಿಯೂ ಇರಲಾರರು.

ಉದ್ಯೋಗದ ಸಂದರ್ಶನ ಹತ್ತು ದಿನದಲ್ಲಿದೆ, ಇಷ್ಟೆಲ್ಲಕ್ಕೆ ಪುರಸೊತ್ತೆಲ್ಲಿ ಎಂದು ಕೆಲವರು ಕೇಳುವರು. ಸಂಭಾಷಿಸುವ ಯಂತ್ರವೂ ಈಗ ಬಂದಿದೆಯಲ್ಲ ಎನ್ನುವರು. ಬಂದಿದೆ, ಅದು ನಗುವುದಿಲ್ಲವಾದ್ದರಿಂದ ಸಂಕೋಚದವರಿಗೆ ಉಪಕಾರವೇ. ಆದರೆ ಕೇಳದಿದ್ದರೆ ಅದು ತಪ್ಪನ್ನೂ ಅರ್ಥಮಾಡಿಕೊಂಡು ಮುಂದೆ ಸಾಗಿಬಿಡುತ್ತದೆ. ಪ್ರತಿ ವಾಕ್ಯವನ್ನೂ ತಿದ್ದೆಂದು ಮೊದಲೇ ವಿಧಿಸಬೇಕು. ಅದಕ್ಕೂ ಮುಂಚೆ ಆ ಉಮೇದುವಾರನು ತಾನು ಮಾಡಿದ ಕೆಲಸವನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆದು ನೋಡಲಿ. ಅನೇಕ ವೇಳೆ ಅವನು ತಡವರಿಸುವುದು ಅಲ್ಲಿಯೇ, ಇಂಗ್ಲಿಷು ಆರಂಭವಾಗುವ ಮುನ್ನವೇ.