ಹಾಳಾದ ರಜೆಗೂ ಬೆಲೆ ಉಂಟು



ಹೋದ ವರ್ಷ ಬೋನಸ್ ಹಣ ಕೈಗೆ ಬಂದಾಗ ನಮ್ಮ ಲೈನಿನ ಆರು ಮನೆಯವರು ಸೇರಿ ಒಂದು ಟೂರಿಸ್ಟ್ ಕಂಪನಿಯ ಬಸ್ಸಿನಲ್ಲಿ ಪ್ರವಾಸ ಹೊರಟೆವು. ಮದುರೆ, ಕನ್ಯಾಕುಮಾರಿ, ವೇಳಾಂಕಣ್ಣಿ, ಒಟ್ಟು 5 ದಿನ. ತಲೆಗೆ 5,500 ರೂಪಾಯಿ. ಪ್ರತಿ ಕುಟುಂಬಕ್ಕೂ ಬೇರೆ ರೂಮು, ಮೂರು ಹೊತ್ತು ಊಟ, ಕನ್ಯಾಕುಮಾರಿಯಲ್ಲಿ ಒಂದು ರಾತ್ರಿ ತಂಗಿ ಸೂರ್ಯ ಮುಳುಗುವದನ್ನೂ ಏಳುವದನ್ನೂ ನೋಡುವದು ಎಂದು ಕಂಪನಿಯವರು ಹಂಚಿದ ನೋಟೀಸಿನಲ್ಲಿ ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು.

ನಡೆದದ್ದೇ ಬೇರೆ. ಮದುರೆಯಲ್ಲಿ ಆರು ಮನೆಯವರಿಗೂ ಸೇರಿ ಒಂದೇ ದೊಡ್ಡ ಕೋಣೆ, ಒಂದೇ ಕಕ್ಕಸು. ಕನ್ಯಾಕುಮಾರಿಯಲ್ಲಿ ರೂಮು ಹಿಡಿದೇ ಇರಲಿಲ್ಲ. ಮಧ್ಯಾಹ್ನ 12 ಗಂಟೆಯ ಉರಿಬಿಸಿಲಿನಲ್ಲಿ ಇಳಿಸಿ, 2 ಗಂಟೆಗೆ ಮತ್ತೆ ಬಸ್ಸು ಹತ್ತಿಸಿದರು. ಆ ರಾತ್ರಿ ಮಕ್ಕಳು ಮುದುಕರು ಎಲ್ಲರೂ ಬಸ್ಸಿನಲ್ಲೇ ಕೂತು ಬೆಳಗು ಮಾಡಿದೆವು. ನಮ್ಮ ಪಕ್ಕದ ಮನೆಯ ಅಜ್ಜಿ 38 ವರ್ಷ ಎಲೆ ಕೊಯ್ದವರು. ಸಮುದ್ರ ನೋಡಿದ್ದು ಅದೇ ಮೊದಲು. ಸೂರ್ಯ ನೀರಿನಿಂದ ಏಳುವದನ್ನು ನೋಡಬೇಕೆಂದೇ ಹೊರಟು ಬಂದಿದ್ದರು.

ಬಸ್ಸಿನ ಜೊತೆ ಬಂದಿದ್ದ ಕಂಪನಿಯ ಮನುಷ್ಯನನ್ನು ಕೇಳಿದರೆ ಅವನು ಹೇಳಿದ್ದು ಇಷ್ಟೇ: "ಕರಕೊಂಡು ಹೋದೆವು, ಕರಕೊಂಡು ಬಂದೆವು, ಊಟ ಹಾಕಿದೆವು. ಇನ್ನೇನು ಬೇಕು ನಿಮಗೆ?"

ಮನೆಗೆ ಬಂದ ಮೇಲೆ ಕೂತು ಮಾತಾಡಿದೆವು. ಆರರಲ್ಲಿ ನಾಲ್ಕು ಮನೆಯವರು, "ಹೋದದ್ದು ಹೋಯಿತು, ಬಿಟ್ಟುಬಿಡೋಣ" ಎಂದರು. ಅವರ ಕಾರಣಗಳು ಮೂರು. ಪ್ರವಾಸ ಸರಿಯಾಗಲಿಲ್ಲವೆಂದು ಹಣ ಕೇಳುವದು ಆಸೆಬುರುಕತನ ಎಂಬದು ಒಂದು. ಕೋರ್ಟು ಕಚೇರಿ ನಮ್ಮಂಥವರಿಗಲ್ಲ ಎಂಬದು ಎರಡನೆಯದು. ಕ್ಷಮಿಸಬೇಕಾದವರು ನಾವಲ್ಲವೇ ಎಂಬದು ಮೂರನೆಯದು. ಈ ಮೂರಕ್ಕೂ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಮೊಕದ್ದಮೆಯ ಕಥೆ ಹೇಳಬೇಕು. 1969ರ ಕ್ರಿಸ್ಮಸ್ ಸಮಯದಲ್ಲಿ ಜಾರ್ವಿಸ್ ಎಂಬ ಒಬ್ಬ ನೌಕರ ಒಂದು ಪ್ರವಾಸ ಕಂಪನಿಗೆ 63 ಪೌಂಡು 45 ಪೆನ್ಸ್ ಕಟ್ಟಿ ಸ್ವಿಟ್ಜರ್ಲೆಂಡಿಗೆ ಹೋದರು. ಅವರು ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಯೊಂದರಲ್ಲಿ ವಕೀಲರ ಕೆಲಸದಲ್ಲಿದ್ದವರು. ವರ್ಷವಿಡೀ ಎದುರುನೋಡಿದ ಎರಡು ವಾರದ ರಜೆ ಅದು. ಕಂಪನಿಯ ಪುಸ್ತಿಕೆಯಲ್ಲಿ ಏನೆಲ್ಲ ಆಸೆ ತೋರಿಸಿದ್ದರು! ಮನೆ ತುಂಬ ಜೊತೆಗಾರರು, ಮಧ್ಯಾಹ್ನ ಚಹಾ ಮತ್ತು ಕೇಕು, ಹಿಮದ ಮೇಲೆ ಜಾರುವ ಆಟ, ಹಾಡಿನ ಸಂಜೆ, ಇಂಗ್ಲಿಷ್ ಬಲ್ಲ ಹೋಟೆಲ್ ಯಜಮಾನ.

ಹೋಗಿ ನೋಡಿದರೆ ಮೊದಲನೆಯ ವಾರ 13 ಮಂದಿ ಇದ್ದರು; ಎರಡನೆಯ ವಾರ ಇಡೀ ಹೋಟೆಲಿನಲ್ಲಿ ಅವರೊಬ್ಬರೇ. ಯಜಮಾನನಿಗೆ ಇಂಗ್ಲಿಷ್ ಬಾರದು. ಕೇಕಿನ ಬದಲು ಆಲೂಗಡ್ಡೆ ಚಿಪ್ಸು, ಒಣಗಿದ ಸಣ್ಣ ಬಿಲ್ಲೆಗಳು. ಹಾಡಿನ ಸಂಜೆ ಎಂದರೆ, ಆ ಊರಿನವನೊಬ್ಬ ಕೆಲಸದ ಬಟ್ಟೆಯಲ್ಲೇ ಬಂದು ಗಡಿಬಿಡಿಯಿಂದ ನಾಲ್ಕೈದು ಹಾಡು ಹಾಡಿ ಹೊರಟುಹೋದ.

ಅವರು ಊರಿಗೆ ಬಂದು ಮೊಕದ್ದಮೆ ಹೂಡಿದರು. ಕೆಳಗಿನ ಕೋರ್ಟು ಕಟ್ಟಿದ ಹಣದ ಅರ್ಧ, ಅಂದರೆ 31 ಪೌಂಡು 72 ಪೆನ್ಸ್ ಕೊಡಿಸಿತು. ಅವರು ಮೇಲ್ಮನವಿ ಸಲ್ಲಿಸಿದರು. 1972ರಲ್ಲಿ ಲಾರ್ಡ್ ಡೆನ್ನಿಂಗ್ ಮತ್ತು ಜೊತೆಯ ನ್ಯಾಯಾಧೀಶರು 125 ಪೌಂಡು ಕೊಡಿಸಿದರು. ಕಟ್ಟಿದ್ದಕ್ಕಿಂತ ಸುಮಾರು ಎರಡರಷ್ಟು! ಯಾಕೆ? ಕಂಪನಿ ಅವರನ್ನು ಕರಕೊಂಡು ಹೋಗಿ ಬಂದದ್ದು ನಿಜ, ಊಟ ಹಾಸಿಗೆ ಕೊಟ್ಟದ್ದೂ ನಿಜ. ಆದರೆ ಅವರು ಹೋದದ್ದು ಅದಕ್ಕಲ್ಲ, ಸಂತೋಷಕ್ಕೆ. ಮಾತು ಕೊಟ್ಟ ಸಂತೋಷ ಸಿಗದೆ ಆದ ನಿರಾಶೆಗೂ ಪರಿಹಾರ ಉಂಟು ಎಂಬದೇ ಆ ತೀರ್ಪಿನ ಸಾರ. ಅದಕ್ಕೆ ಮುಂಚೆ, ಒಪ್ಪಂದ ಮುರಿದರೆ ಕೈಬಿಟ್ಟ ಹಣಕ್ಕೆ ಮಾತ್ರ ಲೆಕ್ಕ, ಮನಸ್ಸಿನ ನೋವಿಗೆ ಲೆಕ್ಕವಿಲ್ಲ ಎಂಬ ಹಳೆಯ ನಿಯಮವಿತ್ತು. ಆ ನಿಯಮದ ಕಾಲ ಮುಗಿಯಿತು ಎಂದು ಡೆನ್ನಿಂಗ್ ಹೇಳಿದರು.

ನಮ್ಮ ಬಸ್ಸಿನ ಮನುಷ್ಯ ಹೇಳಿದ ಮಾತಿಗೆ ಐವತ್ತು ವರ್ಷಕ್ಕೂ ಹಿಂದೆಯೇ ಸಿಕ್ಕ ಉತ್ತರ ಇದು.

ಪರದೇಶದ ತೀರ್ಪು, ನಮಗೇನು ಎನ್ನಬೇಡಿರಿ. 1993ರಲ್ಲಿ ನಮ್ಮ ಸುಪ್ರೀಂ ಕೋರ್ಟು ಲಖನೌ ಡೆವಲಪ್‌ಮೆಂಟ್ ಅಥಾರಿಟಿಯ ಮೊಕದ್ದಮೆಯಲ್ಲಿ, ಗ್ರಾಹಕನು ಅನುಭವಿಸಿದ ಮಾನಸಿಕ ಕಿರುಕುಳಕ್ಕೂ ಪರಿಹಾರ ಕೊಡಿಸಬಹುದು ಎಂದು ತೀರ್ಮಾನಿಸಿತು. ಅದು ಮನೆಯ ವಿಷಯವಾಗಿ ಬಂದ ಮೊಕದ್ದಮೆಯಾದರೂ ತತ್ವ ಒಂದೇ.

ನಮ್ಮ ಲೆಕ್ಕವನ್ನೂ ಸ್ವಲ್ಪ ಹಾಕಿ ನೋಡೋಣ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ದೊಡ್ಡವರಿಗೆ 20 ದಿನ ದುಡಿದರೆ 1 ದಿನ ಸಂಬಳದ ರಜೆ ಎಂದು ಬರೆದಿತ್ತು. ಹಾಗಾದರೆ 5 ದಿನದ ರಜೆ ಎಂದರೆ 100 ದಿನದ ದುಡಿಮೆ. ನೂರು ದಿನ ಮಂಜಿನಲ್ಲಿ, ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು ಬುಟ್ಟಿ ಹೊತ್ತು ಗಳಿಸಿದ ಐದು ದಿನ. ಕಂಪನಿ ಕೆಡಿಸಿದ್ದು 5,500 ರೂಪಾಯಿಯನ್ನಲ್ಲ, ಆ ಐದು ದಿನವನ್ನು. ತೂಕದಲ್ಲಿ ಒಂದು ಕಿಲೋ ಕಡಮೆ ಬರೆದರೆ ಮೇಸ್ತ್ರಿಯ ಹತ್ತಿರ ಜಗಳಕ್ಕೆ ನಿಲ್ಲುವ ನಾವು, ಐದು ದಿನ ಕಳಕೊಂಡು ಸುಮ್ಮನಿರುವದು ಯಾವ ನ್ಯಾಯ? ಇದನ್ನು ಕೇಳುವದು ಆಸೆಬುರುಕತನವಲ್ಲ.

ಎರಡನೆಯ ಮಾತು ಕೋರ್ಟಿನದು. ಇದಕ್ಕೆ ದೊಡ್ಡ ಕೋರ್ಟಿಗೆ ಹೋಗಬೇಕಾಗಿಲ್ಲ. 1986ರಲ್ಲಿ ಬಂದ ಗ್ರಾಹಕರ ರಕ್ಷಣೆಯ ಕಾಯಿದೆಯ ಜಾಗದಲ್ಲಿ 2019ರ ಹೊಸ ಕಾಯಿದೆ ಬಂದು, 2020ರ ಜುಲೈಯಿಂದ ನಡೆಯುತ್ತಿದೆ. ಅದರ ಪ್ರಕಾರ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ನೀಲಗಿರಿಯವರಿಗೆ ಊಟಿಯಲ್ಲಿ, ವಯನಾಡಿನವರಿಗೆ ಕಲ್ಪೆಟ್ಟಾದಲ್ಲಿ ಆಯೋಗ ಉಂಟು. ಕಂಪನಿಯ ಆಫೀಸು ಬೇರೆ ಊರಿನಲ್ಲಿದ್ದರೂ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕನ್ನು ಹೊಸ ಕಾಯಿದೆ ಕೊಟ್ಟಿದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ನಿಂತು ಹೇಳಿಕೊಳ್ಳಬಹುದು. ಒಂದೇ ತೊಂದರೆಗೆ ಸಿಕ್ಕಿದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಬಹುದು. ಆದರೆ ತೊಂದರೆಯಾದ 2 ವರ್ಷದೊಳಗೆ ಕೊಡಬೇಕು.

ಅದಕ್ಕೂ ಮುಂಚೆ 1915 ಎಂಬ ನಂಬರಿಗೆ ಫೋನ್ ಮಾಡಬಹುದು. ಅದು ಸರ್ಕಾರದ ಗ್ರಾಹಕರ ಸಹಾಯವಾಣಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಗಡಿಯಾಚೆ ಇರುವ ನಮಗೆ ಇದು ಸಣ್ಣ ಅನುಕೂಲವಲ್ಲ. ಅವರು ದೂರನ್ನು ಕಂಪನಿಗೆ ಮುಟ್ಟಿಸಿ ರಾಜಿಗೆ ಪ್ರಯತ್ನಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಆಯೋಗಕ್ಕೆ ದೂರು ಬರೆಯುವಾಗ ತಮಿಳು, ಮಲಯಾಳ ಅಥವಾ ಇಂಗ್ಲಿಷ್ ಓದಿದ ನಮ್ಮ ಮಕ್ಕಳ ಕೈಯಲ್ಲೇ ಬರೆಸೋಣ. ಅವರನ್ನು ಓದಿಸಿದ್ದು ಮತ್ತೇತಕ್ಕೆ?

ಸಾಕ್ಷಿ ಇಲ್ಲದೆ ದೂರು ನಿಲ್ಲುವದಿಲ್ಲ. ಆದದರಿಂದ ನೋಟೀಸು, ರಸೀದಿ, ಫೋನಿನಲ್ಲಿ ಹಣ ಕಳಿಸಿದ ಗುರುತು ಎಲ್ಲವನ್ನೂ ಜೋಪಾನವಾಗಿ ಇಡಿರಿ. ರೂಮು ಕೆಟ್ಟಿದ್ದರೆ ಅಲ್ಲೇ ಫೋಟೋ ತೆಗೆಯಿರಿ. ಕಂಪನಿಯ ಮನುಷ್ಯನಿಗೆ ಆಗಲೇ ತಿಳಿಸಿ, ದಿನ ಮತ್ತು ಗಂಟೆ ಬರೆದಿಡಿರಿ. ಊರಿಗೆ ಬಂದ ಮೇಲೆ ಸ್ಪೀಡ್ ಪೋಸ್ಟಿನಲ್ಲಿ ಕಂಪನಿಗೆ ಒಂದು ಪತ್ರ ಬರೆದು, ಉತ್ತರಕ್ಕೆ 15 ದಿನ ಗಡುವು ಕೊಡಿರಿ. ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಮಳೆ ಬಂದದ್ದಕ್ಕೆ, ಟಯರು ಪಂಕ್ಚರಾಗಿ ಒಂದು ಗಂಟೆ ತಡವಾದದ್ದಕ್ಕೆ ಕಂಪನಿಯನ್ನು ದೂರುವದು ಸಲ್ಲದು. ವೇಳಾಂಕಣ್ಣಿಯಲ್ಲಿ ನಮಗೆ ಒಳ್ಳೆಯ ಊಟ ಹಾಕಿದರು, ಅದನ್ನೂ ಒಪ್ಪಿಕೊಳ್ಳಬೇಕು. ಕನ್ಯಾಕುಮಾರಿಯಲ್ಲಿ ರೂಮು ಹಿಡಿಯದೆ ಹಿಡಿದಿದ್ದೇವೆಂದು ಹಣ ವಸೂಲು ಮಾಡಿದ್ದು ಮಾತ್ರ ಅವರ ತಪ್ಪೇ ತಪ್ಪು. ಕೇಳಿದಷ್ಟೂ ಸಿಕ್ಕೇ ಸಿಗುತ್ತದೆಂದು ನಾನು ಹೇಳುವದಿಲ್ಲ. ತಡವಾಗಬಹುದು, ಕಡಮೆಯಾಗಬಹುದು. ಕೆಲಸ ಬಿಟ್ಟು ಕೆಲವು ದಿನ ಅಲೆಯಬೇಕಾಗಬಹುದು.

ಕೊನೆಯದು ಕ್ಷಮೆಯ ಮಾತು. ಕ್ಷಮಿಸುವದು ದೊಡ್ಡ ಗುಣ. ಆದರೆ ತಪ್ಪು ಒಪ್ಪಿಕೊಂಡವನನ್ನು ಕ್ಷಮಿಸುವದು ಬೇರೆ. ಹೆದರಿ ಬಾಯಿ ಮುಚ್ಚಿ ಕೂತು ಅದಕ್ಕೆ ಕ್ಷಮೆ ಎಂದು ಹೆಸರಿಡುವದು ಬೇರೆ. ಈ ಬೋನಸ್ ಕಾಲಕ್ಕೆ ಅದೇ ನೋಟೀಸನ್ನು ಪಕ್ಕದ ಎಸ್ಟೇಟಿನಲ್ಲಿ ಹಂಚಿದ್ದಾರೆ. ಅಲ್ಲಿಯೂ ಅಜ್ಜಿಯರು ಇದ್ದಾರೆ, ಸೀರೆಯ ಗಂಟಿನಲ್ಲಿ ಹಣ ಕೂಡಿಸಿಟ್ಟವರು. ನಾವು ಸುಮ್ಮನಿದ್ದರೆ ಅವರಿಗಾಗುವ ಮೋಸದಲ್ಲಿ ನಮಗೂ ಪಾಲುಂಟು.

ಎರಡು ಮನೆಯವರು ದೂರು ಬರೆದು ಮುಗಿಸಿದ್ದೇವೆ. ಅಜ್ಜಿಯೇ ಮೊದಲು ಹೆಬ್ಬೆಟ್ಟು ಒತ್ತಿದರು. ಉಳಿದ ನಾಲ್ಕು ಮನೆಯವರಿಗೆ ಇನ್ನೂ ಸಮಯ ಉಂಟು. ಬನ್ನಿರಿ, ಒಟ್ಟಾಗಿ ಹೋಗೋಣ.