ಬಿಚ್ಚಿ ನೋಡದ ವಿಂಚನ್ನು ನಂಬಬೇಡಿ

ನಮ್ಮ ಹಳ್ಳಿಗಳಲ್ಲಿ ಹೋರಿ ಕೊಸರಾಡಿದರೆ ಹಗ್ಗವನ್ನು ಬರಿಗೈಲಿ ಹಿಡಿದು ಜಗ್ಗುವವರು ಕಡಿಮೆ. ಹತ್ತಿರದ ಮರಕ್ಕೋ ಕಂಬಕ್ಕೋ ಎರಡು ಸುತ್ತು ಹಾಕಿ ತುದಿ ಹಿಡಿದು ನಿಂತರೆ ಸಣ್ಣ ಹುಡುಗನೂ ಹೋರಿಯನ್ನು ನಿಲ್ಲಿಸುತ್ತಾನೆ. ಹಾಯಿದೋಣಿಯ ವಿಂಚ್ ಎಂದರೆ ಇದೇ ಉಪಾಯ. ಕಂಬದ ಜಾಗದಲ್ಲಿ ತಿರುಗುವ ಡ್ರಮ್, ಅದರೊಳಗೆ ಹಲ್ಲಿನ ಗಾಲಿಗಳು, ಮೇಲೆ ಒಂದು ಹ್ಯಾಂಡಲ್. ಹಗ್ಗ ಮತ್ತು ಲೋಹದ ನಡುವಿನ ಘರ್ಷಣೆಯ ಗುಣಾಂಕ 0.25 ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ನಮ್ಮ ಹಿಡಿತ ಸುಮಾರು ಐದು ಪಟ್ಟಾಗುತ್ತದೆ, ಮೂರು ಸುತ್ತಿಗೆ ನೂರು ಪಟ್ಟು ದಾಟುತ್ತದೆ. ಇದರ ಮೇಲೆ ಗೇರಿನ ಲಾಭ ಬೇರೆ. '40' ಎಂದು ಗುರುತಿಸಿದ ವಿಂಚಿನಲ್ಲಿ 20 ಕಿಲೋ ಬಲ ಹಾಕಿದರೆ, ಘರ್ಷಣೆಯ ನಷ್ಟ ಬಿಟ್ಟು ಲೆಕ್ಕ ಹಾಕಿದಾಗ, ಹಗ್ಗದ ಮೇಲೆ 800 ಕಿಲೋ ಎಳೆತ ಬರುತ್ತದೆ.

ಆ 800 ಕಿಲೋ ತಿರುಗಿ ನಮ್ಮ ಕೈಗೇ ಬಂದರೆ?

ಎರಡು ವರ್ಷದ ಹಿಂದೆ ವಿಶಾಖಪಟ್ಟಣದ ಕಡಲಲ್ಲಿ ಗೆಳೆಯರೊಬ್ಬರ ದೋಣಿಯಲ್ಲಿ ಅದನ್ನು ಕಣ್ಣಾರೆ ಕಂಡೆ. ಗಾಳಿ ಏರಿತ್ತು, ಅವರು ಮುಂಭಾಗದ ಹಾಯಿಯ ಹಗ್ಗವನ್ನು ಬಿಗಿ ಮಾಡುತ್ತಿದ್ದರು. ಒಳಗೆ ಏನೋ ಜಾರಿದ ಸದ್ದು. ಹ್ಯಾಂಡಲ್ ಹಿಂದಕ್ಕೆ ಗಿರ್ರನೆ ತಿರುಗಿ ಮಣಿಕಟ್ಟಿಗೆ ಬಡಿಯಿತು. ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ಒಂದು ಗೇಣು ಎತ್ತರಕ್ಕೆ ತಗುಲಿದ್ದರೆ ದವಡೆ ಹೋಗುತ್ತಿತ್ತು. ಮಾರನೆಯ ದಿನ ಬಿಚ್ಚಿ ನೋಡಿದೆವು. ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿದ್ದ ವಿಂಚಿನ ಹೊಟ್ಟೆಯಲ್ಲಿ ಹಳೆಯ ಗ್ರೀಸೂ ಉಪ್ಪೂ ಸೇರಿ ಅಂಟಾಗಿತ್ತು. ನಾಚಿಕೆಯ ವಿಷಯವೆಂದರೆ, ಅದರ ಸದ್ದು ಬದಲಾದದ್ದು ನಮಗಿಬ್ಬರಿಗೂ ಮೊದಲೇ ಗೊತ್ತಿತ್ತು. 'ಈ ಸಲ ಹೋಗಿ ಬಂದಮೇಲೆ ನೋಡೋಣ' ಎಂದುಕೊಂಡಿದ್ದೆವು.

ಆ ಸದ್ದು ಎಲ್ಲರಿಗೂ ಪರಿಚಯದ್ದೇ. ಸೈಕಲ್ ತುಳಿಯುವುದನ್ನು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಬರುವ ಕಟಕಟ ಸದ್ದು. ಫ್ರೀವೀಲಿನೊಳಗಿರುವಂಥ ಪುಟ್ಟ ಕೊಕ್ಕೆಗಳೇ ವಿಂಚಿನೊಳಗೂ ಇರುತ್ತವೆ. ಇವಕ್ಕೆ ಪಾಲ್ ಎನ್ನುತ್ತಾರೆ. ಹೆಬ್ಬೆರಳ ಉಗುರಿನಷ್ಟಿರುವ ಇವನ್ನು ಕೂದಲೆಳೆಯಂಥ ಸ್ಪ್ರಿಂಗುಗಳು ಹೊರಕ್ಕೆ ತಳ್ಳಿ ಹಲ್ಲಿಗೆ ಕೂರಿಸುತ್ತವೆ. ಡ್ರಮ್ ಒಂದೇ ದಿಕ್ಕಿಗೆ ತಿರುಗುವುದು ಇವುಗಳ ದಯೆಯಿಂದ. ಪಾಲ್ ಅಂಟಿಕೊಂಡರೆ, ಸ್ಪ್ರಿಂಗ್ ಸೋತರೆ, ತಡೆ ತಪ್ಪುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಕಿವಿಯದು. ಹಗ್ಗವಿಲ್ಲದೆ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಸದ್ದು ಸ್ಪಷ್ಟವಾಗಿ, ಒಂದೇ ಲಯದಲ್ಲಿ ಬರಬೇಕು. ಮಂಕಾಗಿದ್ದರೆ, ನಡುವೆ ಒಂದೊಂದು ತಪ್ಪುತ್ತಿದ್ದರೆ, ಅಂದು ದೋಣಿ ಬಿಡಬೇಡಿ.

ಬಿಚ್ಚುವುದು ಬ್ರಹ್ಮವಿದ್ಯೆಯಲ್ಲ. ತಳ ಕತ್ತರಿಸಿದ ರಟ್ಟಿನ ಪೆಟ್ಟಿಗೆಯೊಂದನ್ನು ವಿಂಚಿನ ಸುತ್ತ ಕೂರಿಸಿ. ಡ್ರಮ್ ಎತ್ತುವಾಗ ಬೇರಿಂಗ್ ಅದಕ್ಕೇ ಅಂಟಿಕೊಂಡು ಬಂದು ಟಪ್ಪನೆ ಬೀಳುವುದುಂಟು. ಪೆಟ್ಟಿಗೆ ಇಲ್ಲದಿದ್ದರೆ ಅದು ನೇರ ಸಮುದ್ರಕ್ಕೆ. ಒಂದೊಂದು ಭಾಗ ಬಿಚ್ಚಿದಾಗಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಪಾಲಿನ ಅಂಚು ಚೂಪಾಗಿರಬೇಕು. ಸವೆದು ಗುಂಡಗಾಗಿದ್ದರೆ ಬದಲಿಸಿ. ಸ್ಪ್ರಿಂಗುಗಳನ್ನು ಪ್ರತಿ ಸಲವೂ ಹೊಸದು ಹಾಕುವುದೇ ಒಳ್ಳೆಯದು, ಅವು ದುಬಾರಿಯಲ್ಲ. ಗಾಲಿಯ ಹಲ್ಲುಗಳಲ್ಲಿ ಸಣ್ಣ ಬಿರುಕು, ಚಕ್ಕೆ ಎದ್ದ ಗುರುತು ಇದೆಯೇ ನೋಡಿ.

ಮತ್ತೆ ಜೋಡಿಸುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಧಾರಾಳವಾಗಿ ಗ್ರೀಸ್ ಬಳಿಯುವುದು. ಗಾಲಿಗೂ ಬೇರಿಂಗಿಗೂ ತೆಳುವಾಗಿ ಗ್ರೀಸ್ ಸಾಕು. ಪಾಲ್ ಮತ್ತು ಸ್ಪ್ರಿಂಗಿಗೆ ಗ್ರೀಸ್ ಬೇಡವೇ ಬೇಡ. ಒಂದು ಹನಿ ತೆಳು ಎಣ್ಣೆ ಅಷ್ಟೆ. ಗೆಳೆಯರ ಮಣಿಕಟ್ಟು ಮುರಿದದ್ದು ಗ್ರೀಸ್ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಕೊನೆಗೆ ತಳದ ಬೋಲ್ಟುಗಳನ್ನು ಡೆಕ್ಕಿನ ಕೆಳಗಿನಿಂದಲೂ ನೋಡಿ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗಿದ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ.

ಜೋಡಿಸಿದ ಮೇಲೆ ಮೊದಲ ಸಲ ಭಾರ ಹಾಕುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಪರೀಕ್ಷೆ ತಾನೇ ಎಂದು ಹಗುರವಾಗಿ ಕಾಣುವ ಹೊತ್ತೇ ಅಪಾಯದ್ದು. 2020ರ ಆಗಸ್ಟ್ 1ರಂದು ಇದೇ ವಿಶಾಖಪಟ್ಟಣದ ಹಿಂದೂಸ್ಥಾನ್ ಶಿಪ್‌ಯಾರ್ಡ್‌ನಲ್ಲಿ ದೊಡ್ಡ ಕ್ರೇನ್ ಕುಸಿದು 11 ಜನ ತೀರಿಕೊಂಡದ್ದು ಪರೀಕ್ಷೆಯ ಹೊತ್ತಿನಲ್ಲೇ.

ಬಳಸುವಾಗಿನ ಶಿಸ್ತು ಚಿಕ್ಕದು. ಮೊದಲು ಹಗ್ಗವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಎರಡು ಸುತ್ತು ಹಾಕಿ, ಭಾರ ಏರಿದಂತೆ ಮೂರು, ನಾಲ್ಕು ಮಾಡಿ. ಬೆರಳು ಡ್ರಮ್ಮಿನ ಹತ್ತಿರ ಹೋಗಬಾರದು. ಸಡಿಲಿಸುವಾಗ ಅಂಗೈಯನ್ನು ಸುತ್ತುಗಳ ಮೇಲೆ ಒತ್ತಿ ನಿಧಾನವಾಗಿ ಬಿಡಿ. ಉದ್ದ ಕೂದಲು, ದುಪಟ್ಟ, ಸಡಿಲ ತೋಳು ದೂರವಿರಲಿ. ಕೆಲಸ ಮುಗಿದ ಕೂಡಲೇ ಹ್ಯಾಂಡಲ್ ತೆಗೆದಿಡಿ.

ಬಿಚ್ಚಿ ನೋಡಲು ಯಾವಾಗ ಹೊತ್ತು ಎಂದು ಕೇಳಿದರೆ, ಉತ್ತರ ನಮ್ಮೂರಿನ ಮೀನುಗಾರಿಕೆ ಬಂದರಿನಲ್ಲೇ ಇದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಟ್ರಾಲರುಗಳವರು ಬಲೆ, ಎಂಜಿನ್, ವಿಂಚ್ ಎಲ್ಲ ದುರಸ್ತಿ ಮಾಡಿಕೊಳ್ಳುವುದು ಆಗಲೇ. ಹಾಯಿದೋಣಿಯವರೂ ಅದನ್ನೇ ಪಾಲಿಸಬಹುದು. ಅಕ್ಟೋಬರಿಗೆ ಮುಂಚೆ ಇನ್ನೊಮ್ಮೆ ನೋಡಿ. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಇದೇ ಊರಿನ ಪಿ. ಸ್ವಾತಿ ಸೇರಿದಂತೆ ಆರು ನೌಕಾಪಡೆಯ ಮಹಿಳೆಯರು 2017–18ರಲ್ಲಿ 'ತಾರಿಣಿ'ಯಲ್ಲಿ ಭೂಮಿ ಸುತ್ತಿ ಬಂದರು. ನಡುಸಾಗರದಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ. ಕೆಟ್ಟದ್ದನ್ನು ಅಲ್ಲಿದ್ದವರೇ ಬಿಚ್ಚಿ ಸರಿಮಾಡಬೇಕು.

ವಿಜಯವಾಡದ ಓದುಗರು 'ನಮಗೆಲ್ಲಿಯ ಹಾಯಿದೋಣಿ' ಎನ್ನಬಹುದು. ಆದರೆ ನೀವು ಸಂಜೆ ಗಾಳಿಗೆ ಹೋಗುವ ಪ್ರಕಾಶಂ ಬ್ಯಾರೇಜಿನ ಗೇಟುಗಳನ್ನು ಎತ್ತುವುದೂ ಇದೇ ಜಾತಿಯ ಯಂತ್ರವೇ. ಗೇರು, ಎಳೆಯುವ ಹಗ್ಗ ಅಥವಾ ಸರಪಳಿ, ಭಾರ ಸರಿದೂಗಿಸುವ ಕೌಂಟರ್‌ವೇಟ್. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ರೈತರ ಬೆಳೆಯ ನೀರು ಕಣ್ಣೆದುರೇ ಹರಿದುಹೋಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಮೂರು ವಾರ ಕಳೆಯುವುದರೊಳಗೆ ಕೃಷ್ಣೆಯಲ್ಲಿ 11 ಲಕ್ಷ ಕ್ಯೂಸೆಕ್ ಮೀರಿದ ಪ್ರವಾಹ ಬಂತು. ತೇಲಿಬಂದ ದೋಣಿಗಳು ಪ್ರಕಾಶಂ ಬ್ಯಾರೇಜಿಗೆ ಬಡಿದು ಕೌಂಟರ್‌ವೇಟುಗಳು ಒಡೆದವು. ಅವನ್ನು ಬದಲಿಸಲು ಬಂದವರೂ ಅದೇ ನಾಯ್ಡು ಅವರೇ. ತುಂಗಭದ್ರೆಯ ಎಲ್ಲ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಮೇಲೆ ಆಯಿತು.

ಅಣೆಕಟ್ಟೆಯ ಸರಪಳಿ ನಮ್ಮ ಕೈಯಲ್ಲಿಲ್ಲ. ದೋಣಿಯ ವಿಂಚು, ಮನೆಯ ಬಾವಿಯ ರಾಟೆ, ಅಂಗಡಿಯ ಚೈನ್ ಪುಲ್ಲಿ ನಮ್ಮ ಕೈಯಲ್ಲಿವೆ. ಒಂದು ನೋಟುಬುಕ್ಕಿನಲ್ಲಿ ಬಿಚ್ಚಿದ ತಾರೀಕು, ಬದಲಿಸಿದ ಭಾಗ ಬರೆದಿಡಿ. ಸದ್ದು ಬದಲಾದರೆ ಅಂದೇ ಬಿಚ್ಚಿ. ಗೆಳೆಯರ ಕೈ ಕೂಡಿಕೊಂಡಿದೆ, ಆದರೆ ಮಳೆ ಬಂದ ದಿನ ಇನ್ನೂ ನೋಯುತ್ತದಂತೆ. ಈಗ ಅವರು ದೋಣಿ ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ, ಡ್ರಮ್ ತಿರುಗಿಸಿ ಕಿವಿಗೊಡುವುದು.